ಬ್ಲ್ಯಾಕ್ ಟ್ಯಾಂಕ್ ತುಂಬಿದ ಮೇಲೆ

ಅಮೆರಿಕದಲ್ಲಿರುವ ಕನ್ನಡದವರ ಮನೆಗಳಿಗೆ ಜೂನ್ ಬಂತೆಂದರೆ ಅಪ್ಪ-ಅಮ್ಮ ಬಂದಿಳಿಯುತ್ತಾರೆ. ಮೊದಲ ಸಲಕ್ಕೆ ನಯಾಗರ, ನ್ಯೂಯಾರ್ಕ್. ಎರಡನೇ ಸಲಕ್ಕೆ ವೇಗಸ್, ಗ್ರ್ಯಾಂಡ್ ಕ್ಯಾನಿಯನ್. ಮೂರನೇ ಸಲ ಇನ್ನೇನು ತೋರಿಸುವುದಪ್ಪಾ ಎಂದು ತಲೆ ಕೆರೆದುಕೊಳ್ಳುವಾಗ ಯೆಲ್ಲೋಸ್ಟೋನ್ ನೆನಪಾಗುತ್ತದೆ. ನಮ್ಮಲ್ಲೂ ಹಾಗೇ ಆಯಿತು. ಡೆನ್ವರ್‌ನಲ್ಲಿ ಒಂದು ಆರ್‌ವಿ, ಅಂದರೆ ಒಲೆ, ಮಂಚ, ಕಕ್ಕಸು ಎಲ್ಲ ಇರುವ ಮನೆಯಂಥ ಗಾಡಿ, ಬಾಡಿಗೆಗೆ ಹಿಡಿದು, ವಯೋಮಿಂಗನ್ನು ಅಡ್ಡಡ್ಡ ದಾಟಿ ಗ್ರ್ಯಾಂಡ್ ಟೀಟನ್, ಯೆಲ್ಲೋಸ್ಟೋನ್, ಬಿಗ್‌ಹಾರ್ನ್ ಪರ್ವತ, ಡೆವಿಲ್ಸ್ ಟವರ್, ಬ್ಲ್ಯಾಕ್ ಹಿಲ್ಸ್ ಸುತ್ತಿ ವಾಪಸ್ ಬರುವುದು. ಆರ್‌ವಿ ಯಾಕೆ ಎಂದು ಕೇಳಿದ ಗೆಳತಿಯರಿಗೆಲ್ಲ "ಸ್ವಾತಂತ್ರ್ಯ ಕಣ್ರೇ, ಬೇಕಾದ ಕಡೆ ನಿಲ್ಲಿಸ್ಕೋಬಹುದು" ಎಂದು ಜಾಹೀರಾತಿನ ಮಾತನ್ನೇ ಒಪ್ಪಿಸಿದೆ. ಅದು ಅಷ್ಟೇನೂ ನಿಜವಲ್ಲ. ಪಾರ್ಕುಗಳ ಒಳಗಿನ ಕ್ಯಾಂಪುಗಳನ್ನು ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡಬೇಕು. ಗ್ಲೇಸಿಯರ್ ಪಾರ್ಕಿನ ಪ್ರಸಿದ್ಧ ಘಾಟಿ ರಸ್ತೆಗೆ 21 ಅಡಿಗಿಂತ ಉದ್ದದ ಗಾಡಿಯನ್ನು ಬಿಡುವುದೇ ಇಲ್ಲ, ನಮ್ಮದು 28 ಅಡಿ. ಆ ಪಾರ್ಕನ್ನು ಪಟ್ಟಿಯಿಂದ ತೆಗೆದದ್ದು ಅದಕ್ಕೇ. ಆರ್‌ವಿ ಹಿಡಿದದ್ದರ ನಿಜವಾದ ಕಾರಣ ಅಪ್ಪನ ಕಕ್ಕಸು.

ಅಪ್ಪ ತುಮಕೂರಿನಲ್ಲಿ ಹೈಸ್ಕೂಲ್ ಹೆಡ್‌ಮಾಸ್ಟರ್ ಆಗಿ ನಿವೃತ್ತರಾದವರು. ಎಲ್ಲದಕ್ಕೂ ಹೊಂದಿಕೊಳ್ಳುತ್ತಾರೆ, ಕಾಗದಕ್ಕೆ ಮಾತ್ರ ಇಲ್ಲ. ಹಿಂದಿನ ಸಲದ ಕಾರಿನ ಪ್ರವಾಸದಲ್ಲಿ ರೆಸ್ಟ್ ಏರಿಯಾದ ಕಕ್ಕಸಿಗೆ ನೀರಿನ ಬಾಟಲಿ ಹಿಡಿದು ಹೋಗಿ, ಬಾಗಿಲಿನ ಕೆಳಗೆ ಕಾಣುವ ಮೊಳದುದ್ದದ ಸಂದಿಗೆ ಹೆದರಿ ಹಾಗೇ ವಾಪಸ್ ಬಂದಿದ್ದರು. ಆಮೇಲೆ ಮಧ್ಯಾಹ್ನದವರೆಗೆ ಊಟ ಮುಟ್ಟಲಿಲ್ಲ. ಈ ಸಲ ಮನೆಯನ್ನೇ ಜೊತೆಗೆ ಒಯ್ಯೋಣ, ಅಪ್ಪನಿಗೆ ತಮ್ಮದೇ ಕಕ್ಕಸು, ತಮ್ಮದೇ ಚೊಂಬು, ಅಮ್ಮನಿಗೆ ತನ್ನದೇ ಒಲೆ ಎಂದು ಲೆಕ್ಕ ಹಾಕಿದೆವು. ಮನೆಯನ್ನು ಒಯ್ದರೆ ಮನೆಯ ಒಳಗಿನದೆಲ್ಲವೂ ಬರುತ್ತದೆ ಎಂಬುದನ್ನು ಈ ಲೆಕ್ಕದಲ್ಲಿ ಯಾರೂ ಹಿಡಿದಿರಲಿಲ್ಲ.

ಮೂರು ಸಾಲು ದೀಪ

ಆರ್‌ವಿಯ ಅಡುಗೆಕಟ್ಟೆಯ ಮೇಲೆ ಗೋಡೆಗೆ ಒಂದು ಪುಟ್ಟ ಫಲಕವಿರುತ್ತದೆ. ಗುಂಡಿ ಒತ್ತಿದರೆ ಫ್ರೆಶ್, ಗ್ರೇ, ಬ್ಲ್ಯಾಕ್ ಎಂದು ಮೂರು ಸಾಲು ದೀಪ. ತುಂಬಿಸಿಕೊಂಡ ಒಳ್ಳೆಯ ನೀರು ಒಂದು, ಸಿಂಕು-ಬಚ್ಚಲಿನಿಂದ ಇಳಿದ ಕೊಳೆನೀರು ಇನ್ನೊಂದು, ಕಕ್ಕಸಿನದು ಮೂರನೆಯದು. ನಮ್ಮ ಗಾಡಿಯ ಫ್ರೆಶ್ ಟ್ಯಾಂಕು 40 ಗ್ಯಾಲನ್, ಹತ್ತಿರ ಹತ್ತಿರ 150 ಲೀಟರ್. ಉಳಿದೆರಡು ಅದಕ್ಕಿಂತ ಚಿಕ್ಕವು. ಜನ ಆರು. ಶವರ್ ಬಿಟ್ಟುಕೊಂಡು ನಿಂತರೆ ನಿಮಿಷಕ್ಕೆ ಏಳೆಂಟು ಲೀಟರ್ ಹೋಗುತ್ತದೆ, ಆರು ಜನ ಅಮೆರಿಕದ ರೀತಿಯಲ್ಲಿ ಸ್ನಾನ ಮಾಡಿದರೆ ಬೆಳಗಿನ ತಿಂಡಿಗೆ ಮುಂಚೆ ಟ್ಯಾಂಕು ಖಾಲಿ, ಗ್ರೇ ಭರ್ತಿ. ಅಮ್ಮ ಮೊದಲ ಸಂಜೆಯೇ ಈ ಫಲಕದ ಅಧಿಕಾರ ವಹಿಸಿಕೊಂಡಳು. ಹಿರಿಯೂರಿನ ಕಡೆ ಹುಟ್ಟಿ, ಬೀದಿ ನಲ್ಲಿಯ ಮುಂದೆ ಕೊಡದ ಸರದಿ ನಿಂತು ಬೆಳೆದವಳು. ನನ್ನ ಮಕ್ಕಳಿಗೆ ಮಡಚುವ ಟಬ್ಬಿನಲ್ಲಿ ಅಳೆದು ನೀರು ಕೊಟ್ಟಳು, ತಟ್ಟೆಗಳನ್ನು ಮೊದಲು ಕಾಗದದಲ್ಲಿ ಒರೆಸಿ ಆಮೇಲೆ ಬೊಗಸೆ ನೀರಲ್ಲಿ ತೊಳೆದಳು, ಅಕ್ಕಿ ತೊಳೆದ ನೀರನ್ನು ಎತ್ತಿಟ್ಟು ಪಾತ್ರೆಗೆ ಬಳಸಿದಳು. ನಲ್ಲಿ ತಿರುಗಿಸಿದರೆ ನೀರು ಬರುವುದು ಪ್ರಕೃತಿನಿಯಮ ಎಂದುಕೊಂಡಿದ್ದ ಮಕ್ಕಳು ದಿನಕ್ಕೆ ಹತ್ತು ಸಲ ಗುಂಡಿ ಒತ್ತಿ ದೀಪ ಎಣಿಸತೊಡಗಿದರು.

ಒಂದು ಮಾತು ನಡುವೆ ಹೇಳಿಬಿಡುತ್ತೇನೆ. ಬ್ಲ್ಯಾಕ್ ಟ್ಯಾಂಕಿನ ದೊಡ್ಡ ಶತ್ರು ಕಾಗದ. ನೀರು ಸಾಲದೆ ಕಾಗದ ಗುಡ್ಡೆ ಕಟ್ಟಿಕೊಂಡರೆ ಆಮೇಲೆ ದೇವರೇ ಗತಿ. ಹಾಗಾಗಿ ಆರ್‌ವಿಯ ಹಳೆ ಹುಲಿಗಳು ಹೊಸಬರಿಗೆ ಕೊಡುವ ಬುದ್ಧಿವಾದ ಒಂದೇ, ಕಾಗದ ಕಡಿಮೆ ಮಾಡಿ, ನೀರು ಜಾಸ್ತಿ ಹಾಕಿ. ಅಪ್ಪನ ಚೊಂಬಿಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕೆ? ಟ್ಯಾಂಕು ಬೇಗ ತುಂಬುತ್ತದೆ ಎನ್ನುವುದೊಂದೇ ತೊಂದರೆ.

ಬೇಗ ತುಂಬಿತು. ಟೀಟನ್‌ನ ಕೋಲ್ಟರ್ ಬೇ ಕ್ಯಾಂಪಿನಿಂದ ಹೊರಡುವ ಬೆಳಿಗ್ಗೆ ಬ್ಲ್ಯಾಕ್ ಸಾಲಿನ ದೀಪವೆಲ್ಲ ಹತ್ತಿಕೊಂಡಿದ್ದವು. ಟ್ಯಾಂಕು ಖಾಲಿ ಮಾಡುವ ಡಂಪ್ ಸ್ಟೇಷನ್ ಮುಂದೆ ಗಾಡಿಗಳ ಸಾಲು. ಒಂದು ಕಾಂಕ್ರೀಟ್ ಚಪ್ಪಡಿ, ನಡುವೆ ಮುಚ್ಚಳವಿರುವ ತೂತು, ಪಕ್ಕದಲ್ಲಿ ತೊಳೆಯಲು ನಲ್ಲಿ, ಅಷ್ಟೇ ಸ್ಟೇಷನ್ನು. ಗಾಡಿ ಓಡಿಸುವುದು ನನ್ನ ಗಂಡನ ಕೆಲಸ, ನೀರು-ಕರೆಂಟು-ಪೈಪು ನನ್ನದು ಎಂದು ಡೆನ್ವರ್‌ನಲ್ಲೇ ಹಂಚಿಕೊಂಡಿದ್ದೆವು. ರಬ್ಬರ್ ಗ್ಲೌಸು ಹಾಕಿ, ಸುಕ್ಕುಸುಕ್ಕಾದ ದಪ್ಪ ಪೈಪಿನ ಒಂದು ತುದಿಯನ್ನು ಗಾಡಿಯ ಹೊಟ್ಟೆಗೆ, ಇನ್ನೊಂದನ್ನು ತೂತಿಗೆ ಸಿಕ್ಕಿಸಿ ಬ್ಲ್ಯಾಕ್ ವಾಲ್ವು ಎಳೆದೆ. ಮೊದಲು ಬ್ಲ್ಯಾಕ್, ಆಮೇಲೆ ಗ್ರೇ, ಸೋಪಿನ ನೀರು ಹಿಂದಿನಿಂದ ಬಂದು ಪೈಪನ್ನು ತೊಳೆದುಕೊಂಡು ಹೋಗಲಿ ಎಂದು ಈ ಕ್ರಮ. ಪೈಪು ಬಾಗುವ ಜಾಗದಲ್ಲಿ ಒಂದು ಗಾಜಿನಂಥ ಪ್ಲಾಸ್ಟಿಕ್ ತುಂಡು ಇರುತ್ತದೆ, ಹರಿಯುವುದು ನಿಂತಿತೋ ಇಲ್ಲವೋ ಕಣ್ಣಾರೆ ನೋಡಲಿ ಎಂದು. ನಾನು ಬಗ್ಗಿ ಅದನ್ನು ನೋಡುತ್ತಿದ್ದಾಗಲೇ ಕಾಫಿ ಲೋಟ ಹಿಡಿದುಕೊಂಡು ಅಪ್ಪ ಈ ಕಡೆ ಬಂದರು. ಮೊರಾನ್ ಬೆಟ್ಟದ ಮೇಲೆ ಬಿಸಿಲು ಬಿದ್ದಿದೆ, ನೋಡು ಬಾ ಎಂದು ಕರೆಯಲು ಬಂದವರು.

ಪ್ಲಾಸ್ಟಿಕ್ ತುಂಡನ್ನು ನೋಡಿದರು. ನನ್ನನ್ನು ನೋಡಿದರು. "ಇಲ್ಲಿ ದುಡ್ಡು ಕೊಟ್ರೆ ಇದನ್ನ ಮಾಡೋರು ಯಾರೂ ಇಲ್ವೇನಮ್ಮಾ?" ಎಂದರು.

ಇಲ್ಲಪ್ಪ, ಅವರವರದು ಅವರವರೇ ಎಂದೆ. ನಮ್ಮ ಹಿಂದೆ ಬಸ್ಸಿನಷ್ಟು ದೊಡ್ಡ ಗಾಡಿಯ ಯಜಮಾನ, ನಿವೃತ್ತ ದಂತವೈದ್ಯನಂತೆ, ಸರದಿ ಕಾಯುತ್ತಾ ಗ್ಲೌಸು ಹಾಕಿಕೊಂಡೇ ನಿಂತಿದ್ದ. ಅವನನ್ನೂ ತೋರಿಸಿದೆ. ಅಪ್ಪ ಕಾಫಿಯನ್ನು ಹುಲ್ಲಿಗೆ ಚೆಲ್ಲಿ ಒಳಗೆ ಹೋಗಿ ಕೂತರು. ಯೆಲ್ಲೋಸ್ಟೋನಿನ ದಕ್ಷಿಣ ದ್ವಾರ ದಾಟುವವರೆಗೆ ಮಾತಿಲ್ಲ.

ಪ್ರವಾಸದ ಫೋಟೋ ತೋರಿಸುವಾಗೆಲ್ಲ ನನಗೆ ಕೊರೆಯುವುದು ಆ ಮಾತು. ಅದರಲ್ಲಿ ತಾತ್ಸಾರ ಇರಲಿಲ್ಲ. ಮಗಳು ಇಂಥದ್ದನ್ನು ಮಾಡಬೇಕಾಯಿತಲ್ಲ ಎಂಬ ಸಂಕಟವಷ್ಟೇ ಇತ್ತು, ಮತ್ತು ಆ ಸಂಕಟಕ್ಕೆ ಪರಿಹಾರವಾಗಿ ಅವರಿಗೆ ತಕ್ಷಣ ಹೊಳೆದದ್ದು ಇನ್ಯಾರದೋ ಮಗಳು, ಇನ್ಯಾರದೋ ಮಗ. ಪ್ರೀತಿಯೂ ಆ ವ್ಯವಸ್ಥೆಯೂ ಒಂದೇ ಉಸಿರಿನಲ್ಲಿ ಬಂದವು. ದ್ವೇಷದಿಂದ ಹೇಳಿದ್ದರೆ ಜಗಳ ಆಡಬಹುದಿತ್ತು.

ಜಗಳ ಆಡಿದ್ದು ಅಮ್ಮ. ಆ ರಾತ್ರಿ ಫಿಶಿಂಗ್ ಬ್ರಿಜ್ ಕ್ಯಾಂಪಿನಲ್ಲಿ ಅಪ್ಪ ಮತ್ತೆ ಅದೇ ವಿಷಯ ಎತ್ತಿದಾಗ, ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳು ತಿರುಗಲೂ ಇಲ್ಲ. "ನಿಮ್ಮಮ್ಮ ಹಾಸಿಗೆ ಹಿಡಿದಾಗ ಬೆಡ್‌ಪ್ಯಾನ್ ಎತ್ತಿದ್ದು ಯಾರು? ಆವಾಗ ದುಡ್ಡು ಕೊಟ್ಟು ಯಾರನ್ನ ಕರೆಸಿದ್ರಿ?"

"ಅದು ಬೇರೆ. ಅದು ಮನೇದು."

"ಇದೂ ಮನೇದೇ. ಚಕ್ರ ಇದೆ ಅಷ್ಟೆ."

(ಫಿಶಿಂಗ್ ಬ್ರಿಜ್ ಇರುವುದು ಗ್ರಿಜ್ಲಿ ಕರಡಿಗಳು ಓಡಾಡುವ ಜಾಗದಲ್ಲಿ. ಅಲ್ಲಿ ಟೆಂಟ್ ಹಾಕಲು ಬಿಡುವುದಿಲ್ಲ, ಗಟ್ಟಿ ಗೋಡೆಯ ಗಾಡಿಗಳಿಗೆ ಮಾತ್ರ ಪ್ರವೇಶ. ಇಂಗಿನ ಒಗ್ಗರಣೆ ಕರಡಿಯನ್ನು ಕರೆಯುತ್ತದೋ ಓಡಿಸುತ್ತದೋ ಎಂಬುದು ನಮ್ಮಲ್ಲಿ ಕೊನೆವರೆಗೂ ಇತ್ಯರ್ಥವಾಗದ ಚರ್ಚೆ.)

ನೆಲದ ಕೆಳಗಿನ ಪೈಪುಗಳು

ಯೆಲ್ಲೋಸ್ಟೋನಿನ ಬಯಲು ಸಮುದ್ರಮಟ್ಟದಿಂದ ಏಳೂವರೆ ಸಾವಿರ ಅಡಿ ಆಸುಪಾಸು. ನೀರು 93 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಎಷ್ಟು ಹೊತ್ತು ಕುದಿಸಿದರೂ ಕಾಳು ಕಾಳಾಗಿಯೇ ಇರುತ್ತದೆ. ಸೂಟ್‌ಕೇಸಿನಲ್ಲಿ ತುಮಕೂರಿನಿಂದ ಕುಕ್ಕರ್ ಹೊತ್ತು ತಂದಿದ್ದ ಅಮ್ಮನ ಗೆಲುವಿನ ದಿನಗಳು ಅವು. ಓಲ್ಡ್ ಫೇತ್‌ಫುಲ್ ಎಂಬ ಗೀಸರ್, ಅಂದರೆ ಬಿಸಿನೀರಿನ ಚಿಲುಮೆಯ ಮುಂದೆ ಬೆಂಚಿನಲ್ಲಿ ಕೂತು ಒಂದೂವರೆ ಗಂಟೆ ಚಿಲ್ಲರೆ ಕಾಯುವಾಗ ಮಕ್ಕಳಿಗೆ ಅದು ಚಿಮ್ಮುವುದು ಹೇಗೆ ಎಂದು ವಿವರಿಸಲು ನನಗೂ ಸಿಕ್ಕಿದ್ದು ಆ ಕುಕ್ಕರೇ. ಕೆಳಗೆ ಕಾದ ಬಂಡೆ, ಮೇಲೆ ಉದ್ದನೆಯ ಕಿರಿದಾದ ಕೊಳವೆಯಲ್ಲಿ ನಿಂತ ನೀರಿನ ಭಾರ. ಆ ಒತ್ತಡಕ್ಕೆ ತಳದ ನೀರು ಕುದಿಯುವ ಬಿಂದು ದಾಟಿ ಕಾದರೂ ಕುದಿಯಲಾಗದೆ ಕಾಯುತ್ತಿರುತ್ತದೆ. ಮೇಲಿನದು ಸ್ವಲ್ಪ ಉಕ್ಕಿ ಚೆಲ್ಲಿ ಭಾರ ಇಳಿದದ್ದೇ ತಡ, ತಳದ್ದೆಲ್ಲ ಒಂದೇ ಏಟಿಗೆ ಹಬೆ. ಪ್ರಪಂಚದ ಸಕ್ರಿಯ ಗೀಸರ್‌ಗಳಲ್ಲಿ ಹೆಚ್ಚುಕಮ್ಮಿ ಅರ್ಧ ಈ ಒಂದು ಪಾರ್ಕಿನಲ್ಲಿವೆ. ನೆಲದಡಿಯ ಈ ಕೊಳವೆಜಾಲಕ್ಕೆ ಅಲ್ಲಿನವರು ಪ್ಲಂಬಿಂಗ್ ಎಂದೇ ಹೇಳುತ್ತಾರೆ. ಗ್ಲೌಸಿನ ವಾಸನೆ ಇನ್ನೂ ಕೈಯಲ್ಲಿದ್ದ ನನಗೆ ಆ ಮಾತು ಸರಿಯಾಗಿಯೇ ತಾಗಿತು.

ಪ್ಲಂಬಿಂಗ್ ಎಂದ ಮೇಲೆ ಕಟ್ಟಿಕೊಳ್ಳುವುದೂ ಇದೆ. ಓಲ್ಡ್ ಫೇತ್‌ಫುಲ್‌ನಿಂದ ಮರದ ಹಲಗೆಯ ದಾರಿಯಲ್ಲಿ ಮುಂದೆ ನಡೆದರೆ ಮಾರ್ನಿಂಗ್ ಗ್ಲೋರಿ ಎಂಬ ಬಿಸಿನೀರಿನ ಕೊಳ. ಒಂದು ಕಾಲಕ್ಕೆ ಅಚ್ಚ ನೀಲಿ. ಈಗ ನಡುವೆ ಹಸಿರು ನೀಲಿ, ಸುತ್ತ ಹಳದಿ, ಕಿತ್ತಳೆ. ನೋಡಲು ಚೆಂದ, ಆದರೆ ಆ ಹಳದಿ ಕಾಯಿಲೆಯ ಬಣ್ಣ. ಬಂದವರು ಬಂದವರೆಲ್ಲ ನಾಣ್ಯ, ಕಲ್ಲು, ಕಸ ಎಸೆದು ತಳದ ಬಾಯಿ ಕಟ್ಟಿಕೊಂಡಿತು. ಬಿಸಿನೀರು ಮೇಲೇರುವುದು ಕಡಿಮೆಯಾಗಿ ಕೊಳ ತಣಿಯಿತು. ತಣಿದಷ್ಟೂ ಅಂಚಿನ ಬ್ಯಾಕ್ಟೀರಿಯಾಗಳು ನಡುವಿನ ಕಡೆಗೆ ಬಂದವು. 1950ರಲ್ಲಿ ಪಾರ್ಕಿನವರು ನೀರಿನ ಮಟ್ಟ ಇಳಿಸಿ, ಕೊಳವನ್ನು ಬಲವಂತವಾಗಿ ಚಿಮ್ಮಿಸಿ ಹೊಟ್ಟೆ ತೊಳೆದರು. ರಾಶಿ ನಾಣ್ಯ, ಕರವಸ್ತ್ರ, ಟವಲು, ಕಾಲುಚೀಲ, ಅಂಗಿ, ಒಳಉಡುಪು ಆಚೆ ಬಂದವಂತೆ. ಕಾಡಿನ ನಡುವಿನ ಕೊಳಕ್ಕೆ ಒಳಉಡುಪು ಹಾಕುವ ಪ್ರೇರಣೆ ಮನುಷ್ಯನಿಗೆ ಎಲ್ಲಿಂದ ಬರುತ್ತದೋ. ಬ್ಲ್ಯಾಕ್ ಸ್ಯಾಂಡ್ ಕಡೆ ಹ್ಯಾಂಡ್‌ಕರ್ಚೀಫ್ ಪೂಲ್ ಎಂದೇ ಹೆಸರಾದ ಇನ್ನೊಂದು ಬುಗ್ಗೆಯಿತ್ತು. ಕರವಸ್ತ್ರ ಬಿಟ್ಟರೆ ಒಳಗೆಳೆದುಕೊಂಡು, ತೊಳೆದು ಮೇಲೆ ಕಳಿಸುತ್ತದೆ ಎಂದು ಜನ ಮುಗಿಬೀಳುತ್ತಿದ್ದರು. ಯಾರೋ ಏನೇನೋ ತುರುಕಿ, 1920ರ ದಶಕದಲ್ಲಿ ಅದೂ ಕಟ್ಟಿಕೊಂಡಿತು.

ಈ ಕಥೆಯನ್ನು ನಾನು ಬೋರ್ಡು ಓದುತ್ತಾ ಹೇಳುತ್ತಿದ್ದಾಗ ಅಪ್ಪನ ಕೈ ಜೇಬಿನಲ್ಲಿತ್ತು. ಶ್ರೀರಂಗಪಟ್ಟಣದ ಸೇತುವೆ ಬಂದಾಗ ರೈಲಿನ ಕಿಟಕಿಯಿಂದ ಕಾವೇರಿಗೆ ನಾಣ್ಯ ಎಸೆಯದೆ ಅವರು ಮೈಸೂರು ಮುಟ್ಟಿದ್ದನ್ನು ನಾನು ಕಂಡಿಲ್ಲ. ಕೈ ನಿಧಾನಕ್ಕೆ ಖಾಲಿಯಾಗಿಯೇ ಹೊರಗೆ ಬಂತು. "ಹೊಳೆ ಆದ್ರೆ ಹರಿದು ಹೋಗತ್ತೆ" ಎಂದರು, ಯಾರೂ ಏನೂ ಕೇಳಿರಲಿಲ್ಲ.

ಅಂಚಿನ ಆ ಲೋಳೆಯ ಬಗ್ಗೆ ಒಂದು ವಾಕ್ಯ ಸೇರಿಸದೆ ಇರಲಾರೆ. ನೋಡಿದರೆ ಮೂಗು ಮುಚ್ಚಿಕೊಳ್ಳುವ ಹಾಗಿರುವ ಇಂಥದೇ ಒಂದು ಬಿಸಿ ಬುಗ್ಗೆಯಿಂದ 1966ರಲ್ಲಿ ಥಾಮಸ್ ಬ್ರಾಕ್ ಎಂಬ ವಿಜ್ಞಾನಿ ಮತ್ತು ಅವರ ವಿದ್ಯಾರ್ಥಿ ಒಂದು ಬ್ಯಾಕ್ಟೀರಿಯಾ ಹಿಡಿದರು. ಕುದಿಗೆ ಹತ್ತಿರದ ಬಿಸಿಯಲ್ಲೂ ಕೆಡದ ಅದರ ಕಿಣ್ವ ಇಲ್ಲದಿದ್ದರೆ ಇವತ್ತಿನ ಪಿಸಿಆರ್ ಪರೀಕ್ಷೆ ಈ ರೂಪಕ್ಕೆ ಬರುತ್ತಿರಲಿಲ್ಲ. ಕೋವಿಡ್ ಕಾಲದಲ್ಲಿ ಅಪ್ಪ ಮೂಗಿಗೆ ಕಡ್ಡಿ ಹಾಕಿಸಿಕೊಂಡು ಎರಡು ದಿನ ಚಡಪಡಿಸಿದ್ದು ಇದರ ಕೃಪೆಯಿಂದಲೇ.

ಕಸ ತಿನ್ನುವುದನ್ನು ನೋಡಲು ಗ್ಯಾಲರಿ

ಈ ಪಾರ್ಕು 1872ರಲ್ಲಿ ಹುಟ್ಟಿತು, ಅಮೆರಿಕದ ಮೊದಲ ರಾಷ್ಟ್ರೀಯ ಉದ್ಯಾನ. ಹೋಟೆಲುಗಳು ಎದ್ದವು, ಹೋಟೆಲುಗಳ ಹಿಂದೆ ಅಡುಗೆಮನೆಯ ಕಸದ ಗುಂಡಿಗಳೂ ಎದ್ದವು. ಕರಡಿಗಳು ಬಂದವು. ಕರಡಿ ನೋಡಲು ಜನ ಬಂದರು. ಕೊನೆಗೆ ಪಾರ್ಕಿನವರೇ ಕಸದ ಗುಂಡಿಯ ಮುಂದೆ ಮೆಟ್ಟಿಲು ಮೆಟ್ಟಿಲಾಗಿ ಬೆಂಚು ಹಾಕಿಸಿ, ಸಂಜೆ ಹೊತ್ತು ಎಂಜಲು ಸುರಿದು, ಪಕ್ಕದಲ್ಲಿ ಕುದುರೆಯ ಮೇಲೆ ಕೂತ ರೇಂಜರ್ ಭಾಷಣ ಮಾಡುವ ವ್ಯವಸ್ಥೆ ಮಾಡಿದರು. ಲಕ್ಷಗಟ್ಟಲೆ ಎಕರೆ ಕಾಡನ್ನು ಬೆನ್ನಿಗಿಟ್ಟುಕೊಂಡು ಜನ ನೋಡಿದ್ದು ತಾವೇ ತಟ್ಟೆಯಲ್ಲಿ ಬಿಟ್ಟದ್ದನ್ನು ಕರಡಿ ತಿನ್ನುವುದನ್ನು. ಆ ಪ್ರದರ್ಶನ 1940ರ ದಶಕದ ಮೊದಲಿಗೆ ನಿಂತಿತು, ಗುಂಡಿಗಳು ಪೂರ್ತಿ ಮುಚ್ಚಿದ್ದು 1970ರಲ್ಲಿ. ಎಂಜಲಿಗೆ ಒಗ್ಗಿಹೋಗಿದ್ದ ಗ್ರಿಜ್ಲಿಗಳು ಕ್ಯಾಂಪುಗಳಿಗೆ ನುಗ್ಗಿದವು, ಬಹಳಷ್ಟು ಸತ್ತವು. 1975ರಲ್ಲಿ ಅವನ್ನು ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಬೇಕಾಯಿತು. ಇವತ್ತು ಕ್ಯಾಂಪಿನ ಮೇಜಿನ ಮೇಲೆ ಒಂದು ಬಾಳೆಹಣ್ಣಿನ ಸಿಪ್ಪೆ ಬಿಟ್ಟರೂ ರೇಂಜರ್ ಬಂದು ನಿಲ್ಲುತ್ತಾನೆ. ದಕ್ಷಿಣದ ಜಯಾನ್ ಪಾರ್ಕಿನ ನ್ಯಾರೋಸ್ ಕಣಿವೆಯನ್ನು ಮೇಲಿನಿಂದ ಇಳಿಯುವವರು, ಕ್ಯಾಲಿಫೋರ್ನಿಯಾದ ವಿಟ್ನಿ ಶಿಖರ ಹತ್ತುವವರು ತಮ್ಮ ಮಲವನ್ನೂ ಚೀಲದಲ್ಲಿ ಕಟ್ಟಿ ವಾಪಸ್ ಹೊತ್ತು ತರಬೇಕು. ಇದನ್ನು ಅಪ್ಪನಿಗೆ ಹೇಳಲು ಹೋಗಲಿಲ್ಲ.

ಇದನ್ನೆಲ್ಲ ನೋಡಿ, ನೋಡಿ ಇವರು ಎಷ್ಟು ಸರಿ, ನಾವು ಎಷ್ಟು ತಪ್ಪು ಎಂದು ಬರೆದುಬಿಡುವುದು ಸುಲಭ. ಇಲ್ಲಿಗೆ ಬಂದ ಹೊಸತರಲ್ಲಿ ನಾವೆಲ್ಲ ಹಾಗೆ ಬರೆದವರೇ. ಅಪ್ಪನಿಗೆ ನಾನು ಕೊಟ್ಟ ಉತ್ತರ ಅರ್ಧ ಸತ್ಯ. ಪಾರ್ಕಿನ ನೂರಾರು ಕಕ್ಕಸುಗಳನ್ನು ದಿನಾ ಯಾರೋ ತೊಳೆಯುತ್ತಾರೆ. 2018ರ ಡಿಸೆಂಬರ್ ಕೊನೆಯಲ್ಲಿ ಶುರುವಾಗಿ 35 ದಿನ ಅಮೆರಿಕದ ಕೇಂದ್ರ ಸರಕಾರ ಹಣ ಮಂಜೂರಾಗದೆ ಬಾಗಿಲು ಹಾಕಿಕೊಂಡಾಗ ಬಹಳಷ್ಟು ಪಾರ್ಕುಗಳು ತೆರೆದೇ ಇದ್ದವು, ಆ ಯಾರೋ ಮಾತ್ರ ಇರಲಿಲ್ಲ. ಕೆಲವೇ ದಿನಗಳಲ್ಲಿ ಯೊಸೆಮಿಟಿ, ಜೋಶುವಾ ಟ್ರೀಗಳ ಕಕ್ಕಸುಗಳು ತುಂಬಿ ತುಳುಕಿದವು, ರಸ್ತೆ ಪಕ್ಕವೇ ಕಕ್ಕಸಾಯಿತು. ಜೋಶುವಾ ಟ್ರೀಯಲ್ಲಿ ಸುತ್ತಲ ಊರಿನವರು ಸ್ವಯಂಸೇವಕರಾಗಿ ಪೊರಕೆ ಹಿಡಿದರು. ಮತ್ತೆ ನನ್ನ ಮನೆಯ ವಿಷಯ. ಎರಡು ವಾರಕ್ಕೊಮ್ಮೆ ಸ್ಪ್ಯಾನಿಷ್ ಮಾತಾಡುವ ಇಬ್ಬರು ಹೆಂಗಸರು ಬಂದು ನಮ್ಮ ಬಾತ್‌ರೂಮುಗಳನ್ನು ಉಜ್ಜಿ ಹೋಗುತ್ತಾರೆ. ಬಾಗಿಲಿಗೆ ಕೋಡು ಇದೆ, ನಾವು ಮನೆಯಲ್ಲಿ ಇರಬೇಕೆಂದೂ ಇಲ್ಲ. ಅವರ ಹೆಸರು ಗೊತ್ತು, ಅಷ್ಟರ ಮಟ್ಟಿಗೆ ನಾನು ಅಪ್ಪನಿಗಿಂತ ಮುಂದೆ ಎನ್ನಬಹುದೇನೋ.

ಹಿತ್ತಲ ಗಲ್ಲಿ

ಹೆಸರಿನ ಮಾತು ಬಂದದ್ದು ಬಿಗ್‌ಹಾರ್ನ್ ಪರ್ವತದಲ್ಲಿ. ಕೋಡಿ ಊರಿನಿಂದ ಪೂರ್ವಕ್ಕೆ ನಾವು ಹಿಡಿದ ದಾರಿ ಪೌಡರ್ ರಿವರ್ ಪಾಸ್ ಎಂಬ ಘಾಟಿ ದಾಟುತ್ತದೆ, 9,666 ಅಡಿ. ಏರಿದ್ದನ್ನೆಲ್ಲ ಇಳಿಯಬೇಕಲ್ಲ. ಬ್ರೇಕಿನ ಮೇಲೆ ಕಾಲಿಟ್ಟೇ ಇಳಿದರೆ ಅಷ್ಟು ಭಾರದ ಗಾಡಿಯ ಬ್ರೇಕು ಕಾದು ಕೈಕೊಡುತ್ತದೆ, ಹಾಗಾಗಿ ಕೆಳಗಿನ ಗೇರಿನಲ್ಲಿ ಎಂಜಿನ್ನು ಅರಚಿಸಿಕೊಂಡು ಇಳಿಯಬೇಕು. ಮುಂದಿನ ಸೀಟಿನಲ್ಲಿದ್ದ ಅಪ್ಪ ಖುಷಿಯಾಗಿದ್ದರು. ಧರ್ಮಸ್ಥಳದ ಬಸ್ಸಿನಲ್ಲಿ ಚಾರ್ಮಾಡಿ ಇಳಿಯುವಾಗ ಡ್ರೈವರ್ ಹಿಂದೆ ಕೂತು ಗೇರು ನೋಡುವುದು ಅವರ ಹಳೆ ಚಟ. ಅದೇ ಲಹರಿಯಲ್ಲಿ ಹಳೆ ಮನೆಯ ವಿಷಯ ಎತ್ತಿದರು. ಅವರು ಹುಡುಗರಾಗಿದ್ದಾಗ ತುಮಕೂರಿನ ಮನೆಯ ಹಿತ್ತಲ ಕೊನೆಗೆ ಕಕ್ಕಸು, ಅದರ ಹಿಂದೆ ಒಂದು ಕಿರುಗಲ್ಲಿ. ಬೆಳಿಗ್ಗೆ ಗಲ್ಲಿಯ ಕಡೆಯಿಂದ ತಗಡಿನ ಬಾಗಿಲು ಎತ್ತಿ ಒಬ್ಬ ಡಬ್ಬ ಖಾಲಿ ಮಾಡಿಕೊಂಡು ಹೋಗುತ್ತಿದ್ದ. ಕೆಲವು ದಿನ ಅವನ ಹೆಂಡತಿ. ತಲೆಯ ಮೇಲೆ ಹೊತ್ತು. ಹಬ್ಬದ ಮಾರನೇ ದಿನ ಅಜ್ಜಿ ಮಿಕ್ಕ ಒಬ್ಬಟ್ಟನ್ನು ಹಿತ್ತಲ ಗೋಡೆಯ ಮೇಲೆ ಇಡುತ್ತಿದ್ದರು, ಅವರು ಎತ್ತಿಕೊಳ್ಳುತ್ತಿದ್ದರು. ಕೈಗೆ ಕೊಡುತ್ತಿರಲಿಲ್ಲ.

"ಅವರ ಹೆಸರೇನು ತಾತ?" ಎಂದ ನನ್ನ ಮಗ, ಹಿಂದಿನಿಂದ.

ಅಪ್ಪ ಒಂದು ತಿರುವು ಸುಮ್ಮನಿದ್ದರು. "ಗೊತ್ತಿಲ್ಲ ಪುಟ್ಟ. ಜಾತಿ ಹೆಸರಿಂದ್ಲೇ ಕರೀತಿದ್ರು. ನಾವು ಆ ಕಡೆ ಹೋಗ್ತಿರಲಿಲ್ಲ." ಆಮೇಲೆ ಹೆಡ್‌ಮಾಸ್ಟರ್ ದನಿಯಲ್ಲಿ, ಬಿ. ಬಸವಲಿಂಗಪ್ಪ ಮಂತ್ರಿಯಾಗಿದ್ದಾಗ, ಅರಸು ಕಾಲದಲ್ಲಿ, ಕರ್ನಾಟಕದಲ್ಲಿ ತಲೆ ಮೇಲೆ ಹೊರುವುದನ್ನು ನಿಲ್ಲಿಸಿದ್ದು ಎಂದು ಮೊಮ್ಮಗನಿಗೆ ಪಾಠ ಶುರುಮಾಡಿದರು. 1993ರಲ್ಲಿ ದೇಶಕ್ಕೇ ಕಾಯ್ದೆ ಬಂತು, 2013ರಲ್ಲಿ ಇನ್ನೊಂದು. ಅದಾದ ಮೇಲೂ ಮ್ಯಾನ್‌ಹೋಲಿಗೆ ಇಳಿದವರು ಸತ್ತ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇದೆ ಎಂದು ನಾನು ಸೇರಿಸಿದೆ. ಅಪ್ಪ ಹೌದು ಎಂದರು. ಆ ಗಲ್ಲಿಯನ್ನು ಈಗ ಎರಡೂ ಕಡೆಯ ಮನೆಯವರು ಒತ್ತಿಕೊಂಡು ಬೈಕು ನಿಲ್ಲಿಸುತ್ತಾರಂತೆ.

ಬೆಟ್ಟ ಇಳಿದ ಮೇಲೆ ಸಿಕ್ಕ ಪೆಟ್ರೋಲ್ ಬಂಕಿನಲ್ಲಿ ಮತ್ತೆ ಡಂಪ್ ಮಾಡುವ ಸರದಿ. ನಾನು ಗ್ಲೌಸು ಹಾಕಿಕೊಳ್ಳುವಾಗ ಅಪ್ಪ ಇಳಿದು ಬಂದು, ತೊಳೆಯುವ ನಲ್ಲಿಯ ಪೈಪು ಎತ್ತಿಕೊಂಡು, ಸಾಕಷ್ಟು ದೂರದಲ್ಲೇ ನಿಂತು, "ಹೇಳು, ಯಾವಾಗ ಬಿಡ್ಲಿ" ಎಂದರು. ಬಿಡಿ ಎಂದೆ. ಬಿಟ್ಟರು. ಚಪ್ಪಡಿಯ ಜೊತೆ ನನ್ನ ಕಾಲೂ ಪ್ಯಾಂಟೂ ತೊಳೆದುಹೋದವು. ಮುಗಿದ ಮೇಲೆ ಒಂದು ಮಾತೂ ಆಡದೆ ಸೀದಾ ಒಳಗೆ ಹೋಗಿ ಬಚ್ಚಲ ಬಾಗಿಲು ಹಾಕಿಕೊಂಡರು. ಎಷ್ಟು ಹೊತ್ತಾದರೂ ಶವರ್ ನಿಲ್ಲಲಿಲ್ಲ. ಫಲಕದ ಗುಂಡಿ ಒತ್ತಿ ನೋಡಿದ ಅಮ್ಮ ಬಾಗಿಲು ಬಡಿದಳು. "ರೀ, ಮಡಿ ಮಾಡ್ಕೊಂಡಿದ್ದು ಸಾಕು, ಅರ್ಧ ಟ್ಯಾಂಕು ನೀರು ಮುಗೀತು! ಅನ್ನಕ್ಕೇನು ಮಾಡ್ಲಿ?" ಅದೇ ಬಂಕಿನಲ್ಲಿ ಮತ್ತೆ ನೀರು ತುಂಬಿಸಿಕೊಂಡು ಹೊರಟೆವು.

ಅಪ್ಪ ಊರಿಗೆ ಹೋದ ಮೇಲೆ ಫೋನಿನಲ್ಲಿ ಕೇಳುತ್ತಿರುತ್ತೇನೆ. ಬಂದ ನೆಂಟರಿಗೆಲ್ಲ ಪ್ರವಾಸದ ವರದಿ ನಡೆದೇ ಇದೆ. ಟೀಟನ್ ಎಷ್ಟು ಎತ್ತರ, ಕಾಡೆಮ್ಮೆಯಂಥ ಬೈಸನ್ ರಸ್ತೆಗೆ ಅಡ್ಡ ನಿಂತು ಅರ್ಧ ಗಂಟೆ ಕಾಯಿಸಿದ್ದು, ರಶ್ಮೋರ್ ಬೆಟ್ಟದಲ್ಲಿ ನಾಲ್ಕು ಅಧ್ಯಕ್ಷರ ಮುಖ ಕೆತ್ತಲು 1927ರಿಂದ 1941ರವರೆಗೆ ಹಿಡಿದದ್ದು, ಗಾಡಿಯಲ್ಲೇ ಫ್ರಿಜ್ಜು, ಒಲೆ, ಮಂಚ, ಕಕ್ಕಸು. "ಕಕ್ಕಸು ಗಾಡೀಲೇ? ಮತ್ತೆ ಅದೆಲ್ಲ ಎಲ್ಲಿಗೆ ಹೋಗತ್ತೆ?" ಎಂದು ಮೊನ್ನೆ ಚಿಕ್ಕಪ್ಪ ಕೇಳಿದ್ದು ನನಗೂ ಕೇಳಿಸಿತು. "ಅದಕ್ಕೆಲ್ಲ ಅಲ್ಲಿ ಬೇರೆ ವ್ಯವಸ್ಥೆ ಇದೆ ಬಿಡೋ" ಎಂದರು ಅಪ್ಪ. ಅಡುಗೆಮನೆಯಿಂದ ಅಮ್ಮನ ದನಿ ಬಂತು. "ವ್ಯವಸ್ಥೆ ಏನು, ನಿಮ್ಮಣ್ಣನೇ ಪೈಪು ಹಿಡ್ಕೊಂಡಿದ್ರು, ಕೇಳು!"